ಕೊನೆಯ ಸುತ್ತಿನಲ್ಲಿ ಕೇಳಿದ ದನಿ

ಸತ್ತವರ ದನಿ ಕೇಳಿತು ಎಂದು ಯಾರಾದರೂ ಕಥೆ ಶುರುಮಾಡಿದರೆ ನಾನು ಎದ್ದು ಹೋಗುತ್ತಿದ್ದವಳು. ಈಗಲೂ ಪೂರ್ತಿ ನಂಬುತ್ತೇನೆ ಎಂದಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ, ನೀವೇ ಯೋಚಿಸಿ.

ತೊಂಬತ್ತರ ದಶಕದ ಕೊನೆ. ಕುಮಟೆಯ ಶಾಲೆಯೊಂದರಲ್ಲಿ ಚದುರಂಗ ಪಂದ್ಯಾವಳಿ. ಕೊನೆಯ ಸುತ್ತಿನಲ್ಲಿ ಗೆದ್ದವರು ರಾಜ್ಯ ಮಟ್ಟಕ್ಕೆ ಹೋಗುವವರಿದ್ದರು. ನನಗೆ ಎದುರಾದವರು ಭಟ್ಕಳದ ಕಾಮತರು. ಬ್ಯಾಂಕಿನಲ್ಲಿ ಕೆಲಸ, ಮನೆಮಾತು ಕೊಂಕಣಿ. ಅದಕ್ಕೆ ಮೊದಲು ನಾವು ಒಬ್ಬರನ್ನೊಬ್ಬರು ಕಂಡವರೂ ಅಲ್ಲ. ನನಗೆ ಆಟ ಕಲಿಸಿದ ಅಣ್ಣ ಕಾಮಾಲೆಯಿಂದ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಅವನು ಆಡಬೇಕೆಂದಿದ್ದ ಕಡೆ ನಾನಾದರೂ ಆಡಬೇಕೆಂಬ ಹಟ ನನಗೆ.

ಮಧ್ಯಾಹ್ನದ ಸೆಕೆ. ಕಾಮತರು ತಮ್ಮ ಒಂಟೆಯನ್ನು ನನ್ನ ಕುದುರೆಯ ಬಾಯಿಗೇ ತಂದಿಟ್ಟರು. ಹೊಡೆದರೆ ಆಟ ನನ್ನದೇ ಅನ್ನಿಸಿತು. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು ಎಂಬುದು ನಿಯಮ. ಬೆರಳು ಇನ್ನೇನು ಕುದುರೆಗೆ ತಾಗಬೇಕು, ಕಾಮತರ ತುಟಿ ಅಲುಗಿತು.

"ತಂಗಿ, ಅದ್ನ ಮುಟ್ಟಡ."

ದನಿ ಅಣ್ಣನದು. ಮಾತು ನಾವು ಹವ್ಯಕರು ಮನೆಯಲ್ಲಿ ಆಡುವಂಥದ್ದು. ಕೈ ತಾನಾಗಿ ಹಿಂದೆ ಬಂತು. ಮತ್ತೊಮ್ಮೆ ನೋಡಿದೆ. ಕುದುರೆ ಜಾಗ ಬಿಟ್ಟಿದ್ದರೆ ಅವರ ರಾಣಿ ಒಳನುಗ್ಗಿ ನನ್ನ ಆಟ ಅಲ್ಲಿಗೇ ಮುಗಿಯುತ್ತಿತ್ತು. ಬೇರೆ ಕಾಯಿ ನಡೆಸಿದೆ. ಸಂಜೆ ಹೊತ್ತಿಗೆ ಗೆದ್ದೆ.

ಕೈಕುಲುಕುವಾಗ ಕೇಳಿದೆ, "ಆವಾಗ ನೀವು ಎಂತ ಹೇಳಿದ್ರಿ?"

ಅವರು ಗಾಬರಿಯಿಂದ ನನ್ನನ್ನು ನೋಡಿದರು. "ನಾನು ಎಂತದೂ ಹೇಳ್ಲಿಲ್ಲ. ನೀವು ಕೈ ಚಾಚಿದ್ರಲ್ಲ, ಆವಾಗ ನನ್ನ ಎರಡೂ ಕಿವಿ ಕಟ್ಟಿದ ಹಾಗೆ ಆತು. ಬಲೆ ಹಾಕಿದವ ನಾನು, ನಾನೇ ಯಾಕೆ ಹೇಳ್ಲಿ?"

ಪಕ್ಕದ ಮೇಜಿನವರಿಗೂ ಏನೂ ಕೇಳಿರಲಿಲ್ಲ. ತೀರ್ಪುಗಾರರ ಹತ್ತಿರ ಏನೆಂದು ಹೇಳುವುದು? ಗೆಲುವು ನನ್ನದು ಹೌದೋ ಅಲ್ಲವೋ ತಿಳಿಯದೆಯೇ ರಾಜ್ಯ ಪಂದ್ಯಾವಳಿಗೆ ಹೋದೆ. ಅಲ್ಲಿ ಪ್ರತಿ ಕಾಯಿ ಎತ್ತುವ ಮೊದಲೂ ಕಿವಿಗೊಟ್ಟು ಕಾಯುತ್ತ ಕೂತೆ. ಏನೂ ಕೇಳಲಿಲ್ಲ. ಸೋತು ಬಂದೆ.

ದುಃಖದಲ್ಲಿದ್ದ ಮನಸ್ಸು ತಾನೇ ಕಟ್ಟಿಕೊಂಡ ದನಿ ಎನ್ನಿ, ಒಪ್ಪಬಹುದು. ಆದರೆ ಆ ತುಟಿ ಅಲುಗಿದ್ದನ್ನು ನಾನು ಕಂಡಿದ್ದೇನೆ. 

ನಮ್ಮಿಬ್ಬರನ್ನೂ ಹೆತ್ತ ಆಯಿಗೆ ಇದನ್ನು ಹೇಳಿದ್ದು ಎಷ್ಟೋ ಕಾಲದ ಮೇಲೆ. ಅಳುತ್ತಾಳೇನೋ ಎಂದು ಹೆದರಿದ್ದೆ. ಹರಿವೆ ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಿ, "ಎನ್ನ ಸುದ್ದಿ ಎಂತಾದ್ರೂ ಕೇಳಿದ್ನ?" ಎಂದಳು.

ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ.