ಆಯುಧಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ

ನಾನು ಕೆಲಸ ಮಾಡುವುದು ಐರ್ಲೆಂಡಿನ ಗಾಲ್ವೇ ಊರಿನ ಹೊರಗಿನ ಒಂದು ಫ್ಯಾಕ್ಟರಿಯಲ್ಲಿ. ರಕ್ತನಾಳಕ್ಕೆ ತೂರಿಸುವ ಸಣ್ಣ ಕೊಳವೆಗಳನ್ನು ದೀಪದ ಕೆಳಗೆ ಹಿಡಿದು ನೋಡಿ, ಸರಿಯಿದ್ದರೆ ಪ್ಯಾಕ್ ಮಾಡುವುದು ನಮ್ಮ ಲೈನಿನ ಕೆಲಸ. ಕೂದಲಿಗೆ ಟೋಪಿ, ಗಡ್ಡ ಬಿಟ್ಟವರಿಗೆ ಗಡ್ಡಕ್ಕೂ ಒಂದು ಟೋಪಿ. ಬಳೆ, ಉಂಗುರ ಲಾಕರಿಗೆ. ತಾಳಿಯನ್ನು ಮಾತ್ರ ತೆಗೆಯುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದೆ. ಅದಕ್ಕೆ ಟೇಪು ಅಂಟಿಸಿಕೊಂಡು ಒಳಗೆ ಹೋಗುತ್ತೇನೆ.

ಕಾರನ್ನು ನಮ್ಮ ಯಜಮಾನರು ತೆಗೆದುಕೊಂಡು ಹೋಗುತ್ತಾರೆ. ಬಸ್ಸು ಅದರ ಮನಸ್ಸು ಬಂದಾಗ ಬರುತ್ತದೆ. ಹಾಗಾಗಿ ಎಷ್ಟೋ ವರ್ಷ ನಮ್ಮ ಲೈನಿನ ಸೂಪರ್‌ವೈಸರ್ ತಮ್ಮ ಜೀಪಿನಲ್ಲಿ ನನ್ನನ್ನು ಮನೆಯ ಹತ್ತಿರ ಇಳಿಸಿ ಹೋಗುತ್ತಿದ್ದರು. ಇಲ್ಲಿಯವರೇ, ಊರಾಚೆ ಹೊಲ, ಕುರಿ ಇಟ್ಟುಕೊಂಡವರು. ಮಾತಿಗೊಂದು ‘ಗ್ರ್ಯಾಂಡ್’, ಅಂದರೆ ಎಲ್ಲ ಸರಿ, ಅನ್ನುವ ಮನುಷ್ಯ. ಒಳ್ಳೆಯವರೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ಒಂದು ಸಂಜೆ ಇಂಡಿಯನ್ ಅಂಗಡಿಯಲ್ಲಿ ಇಳಿದು ಅಕ್ಕಿಮೂಟೆ ತಂದೆ. ಜೀಪಿನ ಹಿಂದಿನ ಬಾಗಿಲು ತೆಗೆದು ಒಳಗೆ ತಳ್ಳುತ್ತಿದ್ದಾಗ ಅವರು ಕೂತಲ್ಲಿಂದಲೇ ಕೂಗಿದರು.

“ಆ ಕಂಬಳಿ ಮೇಲೆ ಇಡಬೇಡಿ. ಕೆಳಗೆ ಬಂದೂಕಿದೆ.”

ನಾಯಿಯ ಕಂಬಳಿ ಅದು, ಕೂದಲು ಮೆತ್ತಿಕೊಂಡಿತ್ತು. ಅಂಚಿನಿಂದ ಕಪ್ಪು ಕೊಳವೆಯೊಂದು ಇಣುಕುತ್ತಿತ್ತು.

“ಬೆಳಿಗ್ಗೆಯಿಂದ ಇಲ್ಲೇ ಇತ್ತಾ? ಕಾರ್ ಪಾರ್ಕಲ್ಲಿ?”

“ಮತ್ತೆಲ್ಲಿ ಇಡಲಿ? ನಿಮ್ಮನ್ನ ಬಿಟ್ಟು ಹಾಗೇ ಕೆರೆ ಕಡೆ ಹೋಗ್ತೀನಿ. ಬಾತುಕೋಳಿ ಬೇಟೆ ಸೀಸನ್ನು.”

“ಗುಂಡು?”

“ಮುಂದೆ, ನೀವು ಕೂರೋ ಸೀಟಿನ ಎದುರಿನ ಡಬ್ಬಿಯಲ್ಲಿ. ಹೆದರಬೇಡಿ, ಅದಾಗೇ ಹಾರಲ್ಲ.”

ದಾರಿಯುದ್ದಕ್ಕೂ ಲೈಸೆನ್ಸಿನ ಕಥೆ ಹೇಳಿದರು. ಈ ದೇಶದಲ್ಲಿ ಬಂದೂಕು ಇಟ್ಟುಕೊಳ್ಳುವುದು ಎಷ್ಟು ಕಷ್ಟ, ಗಾರ್ಡಾ, ಅಂದರೆ ಇಲ್ಲಿಯ ಪೊಲೀಸರು, ಮನೆಗೇ ಬಂದು ಬಂದೂಕಿಡುವ ಕಬ್ಬಿಣದ ಬೀರು ಗೋಡೆಗೆ ಬೋಲ್ಟ್ ಆಗಿದೆಯೋ ಇಲ್ಲವೋ ಎಂದು ಅಲುಗಾಡಿಸಿ ನೋಡಿದರಂತೆ. ನಾನು ಹೂಂ ಹೂಂ ಅಂದೆ. ಮನೆಗೆ ಬಂದು ಅಕ್ಕಿ ಡಬ್ಬಿಗೆ ಸುರಿದೆ.

ನವರಾತ್ರಿ ಬಂತು. ನಮ್ಮ ಫ್ಯಾಕ್ಟರಿಯ ಎಂಜಿನಿಯರ್‌ಗಳಲ್ಲಿ ತುಮಕೂರಿನವಳೊಬ್ಬಳು ಇದ್ದಾಳೆ. ಇಲ್ಲೇ ಮಾಸ್ಟರ್ಸ್ ಓದಿ ಕೆಲಸಕ್ಕೆ ಸೇರಿದವಳು. ಆ ತಿಂಗಳು ತಾನೇ ಹಳೆಯದೊಂದು ಕೆಂಪು ಕಾರು ಕೊಂಡಿದ್ದಳು. ಕ್ಯಾಂಟೀನಿನಲ್ಲಿ ಬೀಗದಕೈಯನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ಊಟ ಮಾಡುತ್ತಿದ್ದಳು. ಅವಳ ವರ್ಕ್ ಪರ್ಮಿಟ್ಟು ನವೀಕರಣಕ್ಕೆ ಹೋಗುವುದರಲ್ಲಿತ್ತು.

“ಅಕ್ಕ, ಆಯುಧಪೂಜೆ ದಿನ ಕಾರ್‌ಗೆ ಪೂಜೆ ಮಾಡ್ತೀನಿ. ನಮ್ಮ ಅಪಾರ್ಟ್‌ಮೆಂಟ್ ಹತ್ರ ಜಾಗ ಇಲ್ಲ, ಇಲ್ಲೇ ಶಿಫ್ಟ್ ಮುಗಿದ ಮೇಲೆ. ಬೂದುಗುಂಬಳ ಸಿಕ್ಕೈತೆ, ಗೊತ್ತಾ?”

“ಬೂದುಗುಂಬಳ ಸಿಕ್ತಾ? ಅರ್ಧ ನಂಗಿಡು ಕಣೇ, ಮಜ್ಜಿಗೆಹುಳಿ ಮಾಡ್ತೀನಿ.”

“ದೃಷ್ಟಿ ತೆಗೆದ ಕುಂಬಳಕಾಯಿ ತಿಂತೀರಾ?” ಎಂದು ನಕ್ಕಳು.

ಎಲ್ಲರನ್ನೂ ಕರೆಯಬೇಕೆಂಬ ಆಸೆ ಅವಳಿಗೆ. ಕೆಲಸದ ಗ್ರೂಪಿನಲ್ಲಿ ಮೆಸೇಜು ಹಾಕಿದಳು. ಆಯುಧಪೂಜೆ ಎಂದು ಫೋನಿಗೆ ಕೇಳಿದರೆ ಫೋನು ಏನು ಹೇಳುತ್ತದೆ? ‘ವೆಪನ್ ವರ್ಶಿಪ್’. ಅದನ್ನೇ ಹಾಕಿದಳು. ನಾಳೆ ನಮ್ಮ ವೆಪನ್ ವರ್ಶಿಪ್, ಕಾರ್ ಪಾರ್ಕಿನಲ್ಲಿ, ಚಾಕು ನಾನೇ ತರುತ್ತೇನೆ, ಎಲ್ಲರೂ ಬನ್ನಿ. ಕೊನೆಯಲ್ಲಿ ಒಂದು ನಗುಮುಖ.

ಮರುದಿನ ಶಿಫ್ಟು ಮುಗಿಸಿ ಹೊರಗೆ ಬಂದಾಗ ಅವಳ ಕಾರಿನ ಸುತ್ತ ಸೆಕ್ಯೂರಿಟಿಯ ಇಬ್ಬರು ನಿಂತಿದ್ದರು. ಅವರೂ ಪೂಜೆಗೇ ಬಂದಿದ್ದಾರೆಂದುಕೊಂಡಳು. ‘ಬನ್ನಿ ಬನ್ನಿ, ಸ್ವೀಟ್ಸ್ ಕೂಡ ಇದೆ’ ಎಂದು ತಾನೇ ಡಿಕ್ಕಿ ತೆಗೆದಳು. ಒಳಗೆ ಬೂದುಗುಂಬಳ, ನಿಂಬೆಹಣ್ಣು, ಊದುಬತ್ತಿ, ಸಾಲಾಗಿ ಜೋಡಿಸಿದ ಜಾಕು, ಸ್ಪ್ಯಾನರು. ಟವೆಲ್ಲಿನಲ್ಲಿ ಸುತ್ತಿದ ಅಡುಗೆಮನೆಯ ದೊಡ್ಡ ಚಾಕು. ಕುಂಕುಮದ ಪೊಟ್ಟಣ ಒಡೆದು ಟವೆಲ್ಲೆಲ್ಲ ಕೆಂಪಾಗಿತ್ತು. ಇಬ್ಬರಲ್ಲೊಬ್ಬ ಎರಡು ಹೆಜ್ಜೆ ಹಿಂದೆ ಸರಿದದ್ದನ್ನು ನಾನು ನೋಡಿದೆ. ಅವಳು ಇನ್ನೂ ನಗುತ್ತಲೇ ಇದ್ದಳು.



ಮೆಸೇಜನ್ನು ಸೆಕ್ಯೂರಿಟಿಗೆ ತೋರಿಸಿದವರು ನಮ್ಮ ಸೂಪರ್‌ವೈಸರ್. ಜೀಪಿನಲ್ಲಿ ಅವರೇ ಹೇಳಿದರು. “ಏನು ಮಾಡೋದು? ವೆಪನ್ ಅಂತ ಬರೆದಿದ್ದಾಳೆ. ನನ್ನ ಜವಾಬ್ದಾರಿ ಅದು.” ಹಿಂದೆ ಕಂಬಳಿಯ ಕೆಳಗೆ ಬಂದೂಕು, ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಕಟಕಟ ಅನ್ನುತ್ತಿತ್ತು. ಆ ಮನುಷ್ಯನ ಕಿವಿಗೆ ಅದು ಕೇಳಿಸುತ್ತಿರಲಿಲ್ಲವಲ್ಲ! ಸುಳ್ಳು ಹೇಳುತ್ತಿದ್ದರೆ ಸಿಟ್ಟು ಇಷ್ಟು ಬರುತ್ತಿರಲಿಲ್ಲ. ಅವರು ನಂಬಿಯೇ ಹೇಳುತ್ತಿದ್ದರು.

ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದು ಅವಳನ್ನು ಮನೆಗೆ ಕಳಿಸಿದರು. ಆಯುಧ ಎಂಬ ಪದದ ಅರ್ಥ ಹೇಳಲು ಕನ್ನಡ ಗೊತ್ತಿರುವ ಹಿರಿಯರೊಬ್ಬರು ಬೇಕೆಂದು ನನ್ನನ್ನು ಕರೆದರು.

ಮನೆಯಲ್ಲಿ ಮಗಳಿಗೆ ಹೇಳಿದೆ. ಇಲ್ಲೇ ಹುಟ್ಟಿದವಳು, ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಗಾಲ್ವೇಯ ರಾಗದ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಕೆಲಸದ ಜಾಗಕ್ಕೆ ಚಾಕು ತಂದರೆ ತಪ್ಪೇ ತಾನೇ ಅಮ್ಮ, ಸುಮ್ಮನೆ ಚಾಕು ಹಿಡಿದು ಓಡಾಡುವುದಕ್ಕೂ ಇಲ್ಲಿ ಕಾನೂನಿದೆ, ಸರಿಯಾದ ಕಾರಣ ಇರಬೇಕು ಎಂದಳು.

“ಕುಂಬಳಕಾಯಿ ಕಾರಣ ಅಲ್ವೇನೇ?”

ಕಾರಣವೇ, ಆದರೆ ಬಾಯಿಬಿಟ್ಟು ಹೇಳಬೇಕು ಎಂದಳು. ಅಷ್ಟು ಮಟ್ಟಿಗೆ ಮಗಳು ನನಗಿಂತ ಜಾಣೆ.

ವಿಚಾರಣೆಯ ದಿನ ಕೋಣೆಯ ಹೊರಗೆ ತುಮಕೂರಿನವಳು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಕೈಯಲ್ಲಿ ಕ್ಷಮಾಪಣೆಯ ಕಾಗದ. ಅವರೇ ಟೈಪ್ ಮಾಡಿ ಕೊಟ್ಟಿದ್ದರು. ಸಹಿ ಹಾಕಿದರೆ ಎಚ್ಚರಿಕೆ ಕೊಟ್ಟು ಕೆಲಸಕ್ಕೆ ತೆಗೆದುಕೊಳ್ಳುತ್ತಾರಂತೆ. ನಾನು ಇಸಿದುಕೊಂಡು ಓದಿದೆ. ‘ಕಂಪನಿಯ ಆವರಣಕ್ಕೆ ನಾನು ಒಂದು ವೆಪನ್ ತಂದಿದ್ದೆ’ ಎಂದಿತ್ತು.

“ಇದಕ್ಕೆ ಸಹಿ ಹಾಕ್ತೀಯಾ?”

“ಹಾಕ್ಬಿಡ್ತೀನಿ ಅಕ್ಕ. ಪರ್ಮಿಟ್ ಆದ್ರೆ ಸಾಕು. ಗ್ರ್ಯಾಂಡ್ ಅಂತಾರೆ, ಮುಗೀತು.”

“ಮುಗಿಯಲ್ಲ ಕಣೇ! ನಾಳೆ ಇನ್ನೊಂದು ಕೆಲಸಕ್ಕೆ ಹೋಗ್ತೀಯ, ಹಿಂದೆ ಏನಾದ್ರೂ ಆಗಿತ್ತಾ ಅಂತ ಕೇಳ್ತಾರೆ. ಸಿಟಿಜನ್‌ಶಿಪ್‌ಗೆ ಹಾಕ್ತೀಯ, ನಡತೆ ಹೇಗೆ ಅಂತ ಕೇಳ್ತಾರೆ. ಅಲ್ಲೆಲ್ಲ ಈ ಪದ ನಿಂಗಿಂತ ಮುಂಚೆ ಹೋಗಿ ಕೂತಿರುತ್ತೆ. ಕುಂಬಳಕಾಯಿ ಕಾಣಲ್ಲ ಅವರಿಗೆ. ವೆಪನ್ ಒಂದೇ ಕಾಣೋದು.”

“ಜಗಳ ಬೇಡ ಅಕ್ಕ, ಪ್ಲೀಸ್. ನಿಮಗೇನು, ನಿಮಗೆ ಈ ದೇಶದ ಪಾಸ್‌ಪೋರ್ಟ್ ಆಗೈತೆ.”

ಮಾತು ಚುಚ್ಚಿತು. ನಿಜವೂ ಹೌದು. ಪಾಸ್‌ಪೋರ್ಟ್ ಆದವಳು ಬಾಯಿ ತೆರೆಯದಿದ್ದರೆ ಇನ್ಯಾರು ತೆರೆಯಬೇಕು? ಕಾಗದವನ್ನು ನನ್ನ ಬ್ಯಾಗಿಗೇ ಹಾಕಿಕೊಂಡು ಒಳಗೆ ಹೋದೆ.

ಒಳಗೆ ಮ್ಯಾನೇಜರ್ ಹೆಂಗಸು, ಪಕ್ಕದಲ್ಲಿ ನಮ್ಮ ಸೂಪರ್‌ವೈಸರ್. ಟೀ ಬೇಕೇ ಎಂದರು. ಬೇಡ ಎಂದೆ. ಈ ದೇಶದಲ್ಲಿ ಟೀ ಬೇಡ ಎಂದರೆ ಅರ್ಧ ಜಗಳ ಶುರುವಾದಂತೆ.

“ಆಯುಧ ಅಂದರೆ ವೆಪನ್, ಸರಿ ತಾನೇ?” ಎಂದು ಮ್ಯಾನೇಜರ್ ಕೇಳಿದರು.

“ಯುದ್ಧಕ್ಕೆ ಹೋದವರ ಕೈಲಿ ಇದ್ದರೆ ವೆಪನ್. ಈ ಹಬ್ಬದಲ್ಲಿ ಯಾರು ಯಾವುದರಿಂದ ಅನ್ನ ತಿಂತಾರೋ ಅದು ಆಯುಧ. ನಮ್ಮಮ್ಮ ಹೊಲಿಗೆ ಮಷೀನಿಗೆ, ಕತ್ತರಿಗೆ, ತರಕಾರಿ ಹೆಚ್ಚೋ ಈಳಿಗೆಮಣೆಗೆ ಕುಂಕುಮ ಇಡ್ತಿದ್ದರು. ಬಸ್ ಡ್ರೈವರ್ ಬಸ್ಸಿಗಿಡ್ತಾನೆ. ನಿಮ್ಮ ಮೇಜಿನ ಮೇಲಿನ ಕಂಪ್ಯೂಟರೂ ಆ ದಿನ ಆಯುಧವೇ. ಅವಳ ಆಯುಧ ಆ ಕಾರು. ಚಾಕು ಇದ್ದದ್ದು ಕುಂಬಳಕಾಯಿ ಹೆಚ್ಚೋದಕ್ಕೆ.”

“ಅರ್ಥವಾಗುತ್ತೆ,” ಎಂದರು ಮ್ಯಾನೇಜರ್, “ಆದರೆ ಅವಳೇ ವೆಪನ್ ಎಂದು ಬರೆದಿದ್ದಾಳೆ. ಇಲ್ಲಿ ಗಾಡಿಗಳಲ್ಲಿ ವೆಪನ್ ಇರಕೂಡದು. ಎಲ್ಲರಿಗೂ ಒಂದೇ ನಿಯಮ.”

ಎಲ್ಲರಿಗೂ. ಆ ಪದಕ್ಕೆ ನನ್ನ ತಾಳ್ಮೆ ಕಿತ್ತುಹೋಯಿತು. ಎಷ್ಟು ವರ್ಷ ಹೂಂ ಹೂಂ ಅಂದಿದ್ದೇನೋ ಅಷ್ಟೂ ಗಂಟಲಿಗೆ ಬಂತು.

“ಹಾಗಾದರೆ ಈಗ ಹೊರಗೆ ಇವರ ಜೀಪಿನಲ್ಲಿ, ನಾಯಿ ಕಂಬಳಿ ಕೆಳಗೆ ಇರೋದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?”

ಸೂಪರ್‌ವೈಸರ್ ಕಿವಿಯವರೆಗೆ ಕೆಂಪಾದರು. “ಬಾತುಕೋಳಿಗಷ್ಟೇ ಅದು. ಎಲ್ಲರಿಗೂ ಗೊತ್ತು.”

“ಅವರಿಗೆ ಲೈಸೆನ್ಸ್ ಇದೆ,” ಎಂದರು ಮ್ಯಾನೇಜರ್. ಅಂದರೆ ಅವರಿಗೂ ಗೊತ್ತಿತ್ತು!

“ಚಾಕುವಿಗೂ ಲೈಸೆನ್ಸ್ ಕೊಡಿಸಿ, ತಗೋತೀವಿ. ಮನೆಯಲ್ಲಿ ಆ ಬಂದೂಕಿಗೆ ಗೋಡೆಗೆ ಬೋಲ್ಟ್ ಮಾಡಿದ ಕಬ್ಬಿಣದ ಬೀರು ಬೇಕು, ಗಾರ್ಡಾ ಬಂದು ಅಲುಗಾಡಿಸಿ ನೋಡ್ತಾರೆ. ಇವರೇ ನನಗೆ ಹೇಳಿದ್ದು. ಅದೇ ಬಂದೂಕಿಗೆ ಇಲ್ಲಿ, ಯಾರೂ ಇಲ್ಲದ ಜೀಪಿನಲ್ಲಿ, ದಿನವಿಡೀ ಕಂಬಳಿ ಸಾಕಾ? ಗುಂಡು ಸೀಟಿನ ಮುಂದೆ. ಒಂದು ಗಾಜು ಒಡೆದರೆ ಎರಡೂ ಸಿಗುತ್ತೆ. ಅದು ಬಾತುಕೋಳಿ. ನಮ್ಮ ಕುಂಬಳಕಾಯಿ ಮಾತ್ರ ವೆಪನ್. ಅಲ್ವಾ?”

ನನ್ನ ದನಿ ಹೊರಗೂ ಕೇಳಿಸಿತಂತೆ. ಕೇಳಿಸಲಿ. ಬ್ಯಾಗಿನಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟೆ. ಆ ಪದ ಹೋಗಬೇಕು, ಇಲ್ಲವಾದರೆ ಇಬ್ಬರ ವಿಚಾರಣೆಯೂ ಒಟ್ಟಿಗೇ ಆಗಲಿ ಎಂದೆ.

ಪದ ಹೋಯಿತು. ‘ತರಕಾರಿ ಹೆಚ್ಚಲು ಅಡುಗೆಮನೆಯ ಚಾಕು ತಂದಿದ್ದೆ, ಮುಂದೆ ತರುವುದಿಲ್ಲ’ ಎಂದು ಹೊಸದಾಗಿ ಬರೆದುಕೊಟ್ಟರು. ತುಮಕೂರಿನವಳು ಸಹಿ ಹಾಕಿದಳು, ಕೆಲಸಕ್ಕೆ ಬಂದಳು, ಪರ್ಮಿಟ್ಟೂ ಆಯಿತು. ನನ್ನ ಸಿಟ್ಟು ಇಳಿಯಬೇಕಿತ್ತು.

ಆದರೆ ಆಮೇಲೆ ಏನಾಯಿತೆಂದರೆ, ಕಾರ್ ಪಾರ್ಕಿನಲ್ಲಿ ಯಾರ ಗಾಡಿಯಲ್ಲೂ ಚಾಕು, ಆಯುಧ, ಬಂದೂಕು ಇರಕೂಡದೆಂದು ಗೇಟಿನಲ್ಲಿ ಬೋರ್ಡು ಹಾಕಿದರು. ಅವಳ ಕಾರನ್ನು ಸೆಕ್ಯೂರಿಟಿಯವರು ಮತ್ತೆ ಎರಡು ಸಲ ನೋಡಿದರು. ಜೀಪನ್ನು ಯಾರೂ ನೋಡಲಿಲ್ಲ. ನೋಡುವ ಹಾಗೂ ಇರಲಿಲ್ಲ. ಸೂಪರ್‌ವೈಸರ್ ಅದನ್ನು ಗೇಟಿನ ಹೊರಗೆ, ರಸ್ತೆಯ ಬದಿ, ಬಸ್ ಸ್ಟಾಪಿನ ಪಕ್ಕದಲ್ಲಿ ನಿಲ್ಲಿಸತೊಡಗಿದರು. ವಿಚಾರಣೆಯ ದಿನದಿಂದ ಅವರ ಜೀಪು ಹತ್ತುವುದನ್ನು ನಾನು ಬಿಟ್ಟಿದ್ದೆ, ಬಸ್ಸಿಗೆ ಅಲ್ಲೇ ನಿಲ್ಲಬೇಕು. ಶಾಲೆ ಬಿಟ್ಟ ಮೇಲೆ ಮಕ್ಕಳೂ ಅಲ್ಲೇ ನಿಲ್ಲುತ್ತಾರೆ, ಜೀಪಿಗೆ ಒರಗಿಕೊಂಡು ಚಿಪ್ಸ್ ತಿನ್ನುತ್ತಾರೆ. ಕಿಟಕಿಯಿಂದ ಕಂಬಳಿ ಕಾಣುತ್ತದೆ.

ಮ್ಯಾನೇಜರ್ ಹತ್ತಿರ ಹೋಗಿ ಹೇಳಿದೆ. ನಮ್ಮ ನಿಯಮ ಗೇಟಿನವರೆಗೆ ಮಾತ್ರ ಎಂದರು, ಬಹಳ ಮೃದುವಾಗಿ. ಸೂಪರ್‌ವೈಸರ್‌ಗೂ ಹೇಳಿದೆ. “ಹೊರಗಿಡಿ ಅಂದಿರಿ, ಇಟ್ಟೆ. ಇನ್ನೇನು?” ಎಂದರು. ಹೊರಗಿಡಿ ಎಂದು ನಾನು ಯಾವಾಗ ಹೇಳಿದ್ದೆ? ಮನೆಯ ಬೀರುವಿನಲ್ಲಿಟ್ಟು, ಕೆಲಸ ಮುಗಿಸಿ, ಮನೆಗೆ ಹೋಗಿ ತೆಗೆದುಕೊಂಡರೆ ಬಾತುಕೋಳಿಗಳು ಅಷ್ಟರೊಳಗೆ ದೇಶ ಬಿಟ್ಟು ಹೋಗುತ್ತವೆಯೇ?

ಮರುದಿನ ಊಟದ ಹೊತ್ತಿನಲ್ಲಿ ಕ್ಯಾಂಟೀನಿನ ಮೂಲೆಯಲ್ಲಿ ಕೂತು ಗಾರ್ಡಾ ಸ್ಟೇಷನ್ನಿಗೆ ಫೋನು ಮಾಡಿದೆ. ತುಮಕೂರಿನವಳು ಎದುರಿಗೇ ಇದ್ದಳು. ತುತ್ತು ಕೈಯಲ್ಲೇ ಉಳಿಯಿತು.

“ಹೆಸರು ಹೇಳ್ಬೇಡಿ ಅಕ್ಕ,” ಎಂದು ಪಿಸುಗುಟ್ಟಿದಳು.

ಜೀಪು ಎಲ್ಲಿ ನಿಲ್ಲುತ್ತದೆ, ಒಳಗೆ ಏನಿರುತ್ತದೆ, ಎಷ್ಟು ಹೊತ್ತು ಯಾರೂ ಇರುವುದಿಲ್ಲ, ಎಲ್ಲ ಹೇಳಿದೆ. ಆ ಕಡೆಯವರು ನಡುನಡುವೆ ‘ಸರಿ, ಸರಿ’ ಎನ್ನುತ್ತ ಬರೆದುಕೊಂಡರು. ಲೈಸೆನ್ಸ್ ಇದ್ದರೂ ಹಾಗೆ ಬಿಟ್ಟುಹೋಗುವಂತಿಲ್ಲ, ಬಂದು ನೋಡುತ್ತೇವೆ ಎಂದರು. ಹೇಳುತ್ತಿರುವವರು ಯಾರು ಎಂದು ಕೇಳಿದರು.

ಹೆಸರು ಹೇಳಿದೆ. ಉದ್ದದ ಹೆಸರು ನನ್ನದು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಬರೆದುಕೊಂಡು ಓದಿದರು, ತಪ್ಪಾಗಿತ್ತು. ತಿದ್ದಿದೆ. ಮತ್ತೆ ಓದಿದರು, ಮತ್ತೆ ತಪ್ಪು. ಅನ್ನ ಆರುತ್ತಿತ್ತು, ಊಟದ ಬಿಡುವು ಮುಗಿಯುತ್ತಿತ್ತು. ಸರಿಯಾಗಿ ಬರೆದುಕೊಳ್ಳುವವರೆಗೆ ನಾನು ಫೋನು ಇಡಲಿಲ್ಲ.