ಗೂಟಕ್ಕೆ ಕಟ್ಟಿದ್ದ ಹಗ್ಗ

ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲ. ನಾನು ಮದುವೆಯಾಗಿ ಸತ್ತೇಗಾಲಕ್ಕೆ ಬಂದು ಮೂರು ವರ್ಷವಾಗಿತ್ತು. ನಮ್ಮ ಕಡೆ ಸರ್ಕಾರ ಹೆಂಡ ನಿಲ್ಲಿಸಿತ್ತು, ಕುಡಿದರೆ ಜೈಲು. ಯಳಂದೂರು ಮೈಸೂರು ಸೀಮೆಗೆ ಸೇರಿದ್ದು, ಅಲ್ಲಿ ಸಿಗುತ್ತಿತ್ತು. ತೆಂಗಿನಕಾಯಿ ಮಾರಲು ಅಲ್ಲಿಗೆ ಹೋದ ನನ್ನ ಗಂಡ ಕುಡಿದು ಎತ್ತಿನ ಗಾಡಿಯಲ್ಲಿ ಬರುವಾಗ, ಕೊಳ್ಳೇಗಾಲದಲ್ಲಿ ಒಬ್ಬ ಪೊಲೀಸಿನವನ ಸೈಕಲ್ಲಿನ ಮೇಲೆ ಚಕ್ರ ಹತ್ತಿತು.

ಕುಡಿದದ್ದಕ್ಕೆ ಹದಿನೈದು ದಿನ, ಕುಡಿದು ಗಾಡಿ ಹೊಡೆದದ್ದಕ್ಕೆ ಮೂರು ತಿಂಗಳು ಶಿಕ್ಷೆಯಾಯಿತು. ಕುಡಿದದ್ದು ನಿಜ, ನಾನು ಇಲ್ಲವೆನ್ನುವುದಿಲ್ಲ. ಆದರೆ ಗದ್ದೆ ನಾಟಿಗೆ ಬಂದಿತ್ತು, ಉಳುವವರು ಬೇರೆ ಯಾರೂ ಇರಲಿಲ್ಲ. ಕೊಯಮತ್ತೂರಿನ ದೊಡ್ಡ ಕೋರ್ಟಿಗೆ ಅಪೀಲು ಹಾಕಿಸಿದೆ.

ನನಗೆ ಓದು ಬಾರದು. ಕೇಸಿನಲ್ಲಿ ಏನು ಬರೆದಿದ್ದಾರೋ ನೋಡೋಣವೆಂದು ವಕೀಲರಿಂದ ಎಲ್ಲ ಓದಿಸಿದೆ. ಪೊಲೀಸಿನವನ ಹೇಳಿಕೆಯಲ್ಲಿ, ಗಾಡಿಯ ಗೂಟಕ್ಕೆ ಕಟ್ಟಿದ್ದ ಹಗ್ಗ ಬಿಚ್ಚಿ ಎತ್ತು ಹಿಡಿದುಕೊಂಡೆ, ಒಳಗೆ ಮಲಗಿದ್ದವನನ್ನು ಎಬ್ಬಿಸಿದೆ ಎಂದಿತ್ತು.

"ಅದ್ನೇ ಇನ್ನೊಂದ್ ಸಲ ಓದಿ ಸಾ" ಅಂದೆ. ಓದಿದರು.

"ಅಗ್ಗ ಗೂಟ್ದಲ್ಲಿದ್ರೆ ಗಾಡಿ ಒಡೀತಿದ್ದೋರು ಯಾರು?"

ವಕೀಲರು ಪೇಟೆಯವರು. "ಏನಮ್ಮ, ಗಾಡಿ ತಾನಾಗೇ ಬಂತಾ?" ಎಂದು ನಕ್ಕರು.

"ಎತ್ತುಗಳು ತಂದೊ. ನಮ್ಮೂರೋರೆಲ್ಲ ಸಂತೆಯಿಂದ ಬರಾಗ ಅಗ್ಗ ಕಟ್ಬುಟ್ಟು ಮನಿಕತಾರೆ. ನೀವು ಒಂದಿನಾನೂ ಗಾಡೀಲಿ ಕುಂತಿಲ್ವಾ?"

ಅವರ ನಗು ನಿಂತಿತು. ಪೆನ್ನು ತೆಗೆದು ಆ ಸಾಲಿನ ಕೆಳಗೆ ಗೆರೆ ಎಳೆದರು.

ಕೊಯಮತ್ತೂರಿನ ಕೋರ್ಟಿನಲ್ಲಿ ನಾನು ಹಿಂದೆ ನಿಂತಿದ್ದೆ. ಹಗ್ಗದ ಮಾತು ಬಂದಾಗ ಜಡ್ಜು ತಲೆ ಎತ್ತಿ ತಮಿಳಿನಲ್ಲಿ ಏನೋ ಕೇಳಿದರು. ವಕೀಲರು ನನ್ನ ಕಡೆ ತಿರುಗಿ, "ಹಿಡಿಯೋರಿಲ್ದೆ ಎತ್ತು ಹೇಗೆ ಮನೆ ಸೇರ್ತವೆ ಅಂತ ಕೇಳ್ತಿದಾರೆ" ಅಂದರು.

"ದಾರಿ ಗೊತ್ತು ಸಾ. ಅವು ಕುಡ್ದಿರ್ನಿಲ್ವಲ್ಲ."

ಅದನ್ನು ತಮಿಳಿನಲ್ಲಿ ಹೇಳಿದಾಗ ಜಡ್ಜು ಕೂಡ ನಕ್ಕು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಕುಡಿದದ್ದಕ್ಕೆ ಹಾಕಿದ ಹದಿನೈದು ದಿನ ಆಗಲೇ ಮುಗಿದಿತ್ತು. ಗಾಡಿ ಹೊಡೆದ ತಪ್ಪು ರುಜುವಾತಾಗಿಲ್ಲವೆಂದು ಮೂರು ತಿಂಗಳ ಶಿಕ್ಷೆ ತೆಗೆದುಹಾಕಿದರು.

ಜೈಲಿನಿಂದ ಹೊರಗೆ ಬಂದವನು ಮೊದಲು ಕೇಳಿದ್ದು, "ಲೇ, ಎತ್ತುಗಳು ಎಂಗವೆ?"

"ಚೆಂದಾಗವೆ. ನಿಮ್ಮುನ್ನ ಬುಡುಸ್ದೋವು ಅವೇಯ" ಅಂದೆ.

ಎಚ್ಚರವಾಗಿದ್ದು ಹಗ್ಗ ಹಿಡಿದಿದ್ದರೆ ಜೈಲು, ಕಟ್ಟಿ ಮಲಗಿದ್ದಕ್ಕೆ ಬಿಡುಗಡೆ. ಆ ನ್ಯಾಯ ನನಗೆ ಇವತ್ತಿಗೂ ಸೋಜಿಗವೇ. ಆಮೇಲೆ ಅವನು ಯಳಂದೂರಿಗೆ ಹೊರಟಾಗಲೆಲ್ಲ ನಾನೂ ಗಾಡಿ ಹತ್ತುತ್ತಿದ್ದೆ. ಬರುವಾಗ ಹಗ್ಗ ನನ್ನ ಕೈಯಲ್ಲಿರುತ್ತಿತ್ತು.