ವಾಡೆಯ ಆಯಿ ಕೊಟ್ಟ ಅರಿವೆ

ನಮ್ಮ ಮನೆಗೆ ಮೊಮ್ಮಗಳು ಬಂದಳು! ಹತ್ತು ವರ್ಷ ಕಾಯಿಸಿ ಬಂದವಳು. ನನ್ನ ಕಾಲು ನೆಲಕ್ಕೆ ಹತ್ತುತ್ತಿಲ್ಲ. ತೊಟ್ಟಿಲಿಗೆ ಹಾಸಲು ಮೆತ್ತನೆಯ ಹಳೆ ಅರಿವೆ ಬೇಕೆಂದು ನಿನ್ನೆ ಟ್ರಂಕು ತೆಗೆದರೆ ಕರ್ಪೂರದ ವಾಸನೆ ಬಂತು. ತಳದಲ್ಲಿ ಮಡಿಚಿಟ್ಟ ಬಿಳಿ ಅರಿವೆ... ವಾಡೆಯ ಆಯಿ ನೀರು ಸೋಸುತ್ತಿದ್ದುದು.

ಮೂವತ್ತೈದು ವರ್ಷದ ಹಿಂದಿನ ಮಾತು. ಅಣ್ಣತಮ್ಮಂದಿರು ಬೇರೆಯಾಗಿ, ಮನೆ ನಮ್ಮ ಭಾವನವರಿಗೆ ಹೋಯಿತು, ದ್ರಾಕ್ಷಿ ತೋಟ ನಮಗೆ ಬಂತು. ಹುಣ್ಣಿಮೆಯೊಳಗೆ ಮನೆ ಬಿಡಬೇಕು. ನನಗೆ ಎಂಟು ತಿಂಗಳು. ತವರಿನಲ್ಲಿ ತಾಯಿ ಇರಲಿಲ್ಲ. ಬಾಣಂತನ ಯಾವ ಸೂರಿನ ಕೆಳಗೆ? ಅಷ್ಟರಲ್ಲಿ ಹಾರೂಗೇರಿಯ ಅಂಚಿನ ದೊಡ್ಡ ವಾಡೆ ಮಾರಾಟಕ್ಕಿದೆ ಎಂದು ತಿಳಿಯಿತು. ಸುತ್ತ ಚಿಕ್ಕು, ಪೇರಲ, ಮಲ್ಲಿಗೆ, ಹಿತ್ತಲಲ್ಲಿ ಬಾವಿ. ಮನೆಯೊಡತಿ ಜೈನರ ಹಿರಿಯಳು, ಊರಿಗೆಲ್ಲ ಆಯಿ. ಮಿರಜದ ಮಗಳ ಕಡೆ ಹೊರಟಿದ್ದಳು.

ನಾವು ಹೋದಾಗ ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬ ಆಗಲೇ ಟೇಪು ಹಿಡಿದು ಹಿತ್ತಲು ಅಳೆಯುತ್ತಿದ್ದ. ಇಬ್ಬರ ಬೆಲೆಯೂ ಒಂದೇ.

"ಹೊತ್ತ ಮುಳುಗೂದ್ರಾಗ ನಾ ಉಣ್ಣಬೇಕು. ಅದಕ್ಕಿಂತ ಮೊದಲ ಹೇಳತೀನಿ, ಮನಿ ಯಾರಿಗೆ ಅಂತ," ಎಂದಳು ಆಯಿ.

ಬಿಸಿಲು ಗೋಡೆ ಏರುತ್ತಿತ್ತು. ಟೇಪು ಸರ್ ಸರ್ ಎನ್ನುತ್ತಿತ್ತು. ನನ್ನ ಗಂಟಲು ಒಣಗಿತು. ನಮ್ಮವರು ನೀರು ಸೇದಿಕೊಟ್ಟರು. ಕೊಡದ ಬಾಯಿಗಿದ್ದ ಅರಿವೆಯಲ್ಲಿ ಸೋಸಿ ಕುಡಿದೆ. ಅರಿವೆಯನ್ನು ಮಲ್ಲಿಗೆಯ ಬುಡಕ್ಕೆ ಝಾಡಿಸಿಬಿಟ್ಟೆ.

"ಏ ಹುಡುಗಿ! ಏನ ಮಾಡಿದಿ ಬೇ?" ಆಯಿ ಎದ್ದೇ ನಿಂತಳು. "ಅದರಾಗ ಸಣ್ಣ ಸಣ್ಣ ಜೀವ ಇರತಾವ. ನೀರಾಗಿಂದ ತಗದು ಮಣ್ಣಿಗೆ ಹಾಕಿದಿ. ತಮ್ಮ ಮನಿಗಿ ಅವು ಹೆಂಗ ಹೋಗಬೇಕು?"

ನಮ್ಮವರು ಕಣ್ಣು ಮುಚ್ಚಿಕೊಂಡರು. ಮನೆ ಕೈಬಿಟ್ಟಿತು ಎಂದುಕೊಂಡೆ.

"ತಪ್ಪಾತ್ರಿ ಆಯಿ. ನನಗ ಗೊತ್ತಿರಲಿಲ್ರಿ. ಹೆಂಗಂತ ತೋರಸ್ರಿ."

ಮತ್ತೆ ನೀರು ಸೇದಿ ಸೋಸಿದ್ದಾಯಿತು. ಆಯಿ ತೋರಿಸಿದಳು: ಅರಿವೆ ತಿರುವಿ, ಸೋಸಿದ ನೀರಿನಿಂದಲೇ ತೊಳೆದು, ಆ ನೀರನ್ನು ಚರಿಗೆಯಲ್ಲಿ ಅದೇ ಬಾವಿಗೆ ಇಳಿಸಬೇಕು. ಮೇಲಿನಿಂದ ಸುರಿಯಬಾರದು. ಹೊಟ್ಟೆ ಹೊತ್ತುಕೊಂಡೇ ಬಗ್ಗಿ ಹಗ್ಗ ಬಿಟ್ಟೆ.

ವ್ಯಾಪಾರಿ ನಕ್ಕ. "ಆಕಿಗ್ಯಾಕ ಇಷ್ಟ ಪಾಠ ಹೇಳತೀರಿ ಆಯಿ? ನಾ ಹೆಂಗೂ ಬಾವಿ ಮುಚ್ಚಿ ಗೋದಾಮ ಕಟ್ಟಾವ!"

ಆಯಿ ಹೊತ್ತಿನ ಕಡೆ ನೋಡಿದಳು. ಅವನ ಕಡೆ ನೋಡಿದಳು.

"ಸಾವಕಾರ, ನಿಮ್ಮ ಟೇಪ ಸುತ್ಕೋರಿ."

ಹಸಿ ಅರಿವೆಯನ್ನು ನನ್ನ ಕೈಗಿಟ್ಟಳು. "ತಗೋ ಬೇ, ಮನಿ ನಿಂದು. ಕೂಸು ಆದಮ್ಯಾಗ ಪೇರಲ ತಿನ್ನಾಕ ಬರತೀನಿ." ಅಷ್ಟು ಹೇಳಿ ಉಣ್ಣಲು ಒಳಗೆ ಹೋದಳು.

ಮಗ ಈ ಮನೆಯಲ್ಲೇ ಹುಟ್ಟಿದ. ಪೇರಲ ಎರಡು ಸಲ ಹಣ್ಣಾಯಿತು... ಆಯಿ ಬರಲಿಲ್ಲ. ಅವಳಿಲ್ಲ ಎಂಬ ಕಾಗದ ಮಿರಜದಿಂದ ಬಂತು.

ಆ ಅರಿವೆಯನ್ನು ತೊಟ್ಟಿಲಿಗೆ ಹಾಸಲು ಮನಸ್ಸಾಗಲಿಲ್ಲ. ಮನೆಯಲ್ಲಿ ನಳವಿದ್ದರೂ ಕೂಸಿಗೆ ಎರೆಯಲು ಬಾವಿಯ ನೀರು ಸೇದಿಸಿದೆ, ಆ ಅರಿವೆಯಲ್ಲೇ ಸೋಸಿದೆ. ಅರಿವೆ ತೊಳೆದ ನೀರನ್ನು ಕೆಳಗಿಳಿಸುವಾಗ ಒಳಗೆ ಮೊಮ್ಮಗಳು ಅತ್ತಳು. ಹಿಗ್ಗಿಗೆ ಕೈ ಅಲುಗಿ, ತುಸು ನೀರು ದಂಡೆಯ ಮೇಲೆ ಚೆಲ್ಲಿತು.

ಬೈಯಲು ಆಯಿ ಇರಲಿಲ್ಲ.